ವೈನಿಯ ಗಂಧಾರ, ನನ್ನ ಲ್ಯಾಪ್‌ಟಾಪ್

ನಾವಿಬ್ಬರು ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತೇವೆ. ನಾನು ಮತ್ತು ನಮ್ಮ ವೈನಿ. ಧಾರವಾಡದಲ್ಲಿ ಈ ಮಾತು ಹೇಳಿದರೆ ಎದುರಿಗಿದ್ದವರು ಒಂದು ಗಳಿಗೆ ಸುಮ್ಮನಾಗುತ್ತಾರೆ. ಇದು ಮಲ್ಲಿಕಾರ್ಜುನ ಮನ್ಸೂರರು ಬಾಳಿದ ಊರು, ಬಸವರಾಜ ರಾಜಗುರುಗಳು ಹಾಡಿದ ಊರು. ಪಕ್ಕದ ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ಲರ ಮನೆ. ಇಂಥ ಕಡೆ ಲ್ಯಾಪ್‌ಟಾಪ್ ಇಟ್ಟುಕೊಂಡು ಎಂಥ ಸಂಗೀತ ಅಂತ ಕೇಳುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ. ನಾವು ಮಾಡಿದ ಕೆಲಸವೆಲ್ಲ ಆ ಪ್ರಶ್ನೆಯ ಸುತ್ತಲೇ ಬೆಳೆಯಿತು. ಹೇಗೆ ಬೆಳೆಯಿತು ಅಂತ ಬರೆಯುತ್ತಿದ್ದೇನೆ.

ವೈನಿ ಅಂದರೆ ನಮ್ಮಣ್ಣನ ಹೆಂಡತಿ. ತವರು ಗದಗ. ಚಿಕ್ಕಂದಿನಿಂದ ಹಿಂದುಸ್ತಾನಿ ಗಾಯನ ಕಲಿತವರು. ಈಗ ಒಂದು ಶಾಲೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರೆ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಹುಬ್ಬಳ್ಳಿಯಲ್ಲಿ ಇನ್ವರ್ಟರ್ ರಿಪೇರಿ ಮಾಡುವ ಕಡೆ ಕೆಲಸಕ್ಕಿದ್ದೇನೆ. ಬೆಳಿಗ್ಗೆ ಚಿಗರಿ ಬಸ್ಸು ಹತ್ತಿ ಹೋದರೆ ಮರಳಿ ಬರುವುದು ಸಂಜೆಗೆ. ನಮ್ಮ ಈ ಜೋಡಿ ಕೆಲಸ ನಡೆಯುವುದು ಊಟ ಮುಗಿದು, ಅಣ್ಣನ ಮಗ ಮಲಗಿದ ಮೇಲೆ. ಹೆಸರಿನ ಬಗ್ಗೆ ಹೆಚ್ಚು ಯೋಚನೆ ಮಾಡಲಿಲ್ಲ. ಮನೆಯಲ್ಲಿ ಎಲ್ಲರೂ ‘ವೈನಿ-ನಾದಿನಿ’ ಅಂತಲೇ ಕರೆಯುತ್ತಿದ್ದರು. ಹಾಡುಗಳ ಮೇಲೂ ಅದನ್ನೇ ಹಾಕಿದೆವು.

ಎಲೆಕ್ಟ್ರಾನಿಕ್ ವಾದ್ಯ ನಮ್ಮ ಮನೆಗೆ ಹೊಸದೇನೂ ಅಲ್ಲ. ಹಾಡುವವರ ಯಾವ ಮನೆಗೆ ಹೋದರೂ ಒಂದು ಸಣ್ಣ ಪೆಟ್ಟಿಗೆ ಇರುತ್ತದೆ, ಎಲೆಕ್ಟ್ರಾನಿಕ್ ತಂಬೂರಿ. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಿ. ರಾಜನಾರಾಯಣ್ ಅದನ್ನು ಮಾಡಿದರು. ಅವರು ಎಂಜಿನಿಯರ್, ಕೊಳಲನ್ನೂ ಕಲಿತವರು. ನಾಲ್ಕು ತಂತಿಯ ನಾದವನ್ನು ಸರ್ಕ್ಯೂಟ್‌ನಲ್ಲಿ ಹುಟ್ಟಿಸುವ ಆ ಪೆಟ್ಟಿಗೆ ಈಗ ಸಂಗೀತ ಪಾಠದ ಸಾಮಾನು. ಯಾರಿಗೂ ಅದು ವಿಚಿತ್ರ ಅನ್ನಿಸುವುದಿಲ್ಲ. ವೈನಿಗೆ ಮಿರಜದಿಂದ ತಂದ ನಿಜವಾದ ತಂಬೂರಿಯೂ ಇದೆ. ಆದರೆ ದಿನದ ರಿಯಾಜಿಗೆ ಪೆಟ್ಟಿಗೆಯೇ. ಹಾಗಾಗಿ ವೈನಿಯನ್ನು ಒಪ್ಪಿಸಲು ನನಗೆ ಕಷ್ಟ ಆಗಲಿಲ್ಲ. "ಪೆಟ್ಟಿಗಿ ಜೋಡಿ ದಿನಾ ಹಾಡತೇನಿ, ನಿನ್ನ ಕಂಪ್ಯೂಟರ್ ಜೋಡಿ ಹಾಡಾಕ ಏನಾತು?" ಅಂದರು.

ಶುರು ಮಾಡಿದ್ದು ಭೂಪ ರಾಗದಿಂದ. ಸಾ, ರೇ, ಗ, ಪ, ಧ, ಅಂದರೆ ಷಡ್ಜ, ರಿಷಭ, ಗಂಧಾರ, ಪಂಚಮ, ಧೈವತ. ಐದೇ ಸ್ವರ, ಎಲ್ಲವೂ ಶುದ್ಧ. ರಾತ್ರಿಯ ಮೊದಲ ಪ್ರಹರದ ರಾಗ, ನಮಗೆ ಸಿಗುವ ಹೊತ್ತಿಗೂ ಹತ್ತಿರ. ನಾನು ಕಂಪ್ಯೂಟರಿನಲ್ಲೇ ವಾದ್ಯದ ದನಿ ಹುಟ್ಟಿಸುವ ಒಂದು ಉಚಿತ ಸಿಂಥಸೈಜರ್ ಸಾಫ್ಟ್‌ವೇರ್ ಹಾಕಿ, ಮೆತ್ತಗಿನ ಒಂದು ಸ್ವರಗುಚ್ಛ ಮಾಡಿ ಹಿನ್ನೆಲೆಗೆ ಇಟ್ಟೆ. ವೈನಿ ಆಲಾಪ ಶುರು ಮಾಡಿದರು. ಗಂಧಾರಕ್ಕೆ ಬಂದು ನಿಲ್ಲಿಸಿದರು. ಮತ್ತೆ ಹಾಡಿದರು, ಮತ್ತೆ ನಿಲ್ಲಿಸಿದರು.

"ಇದು ಗಂಧಾರ ಅಲ್ಲ ಬಿಡು. ಗಂಧಾರದ ಮ್ಯಾಲೆ ಎಲ್ಲೋ ನಿಂತೈತಿ. ಒಳಗ ಅಲುಗಾಡಾಕತ್ತೈತಿ."

ಅವರ ಕಿವಿ ಹೇಳಿದ್ದು ಅಕ್ಷರಶಃ ನಿಜ. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಕೀಬೋರ್ಡು ಒಂದು ಸಪ್ತಕವನ್ನು 1200 ಸೆಂಟ್ಸ್ ಅಂತ ಹಿಡಿದು, ಹನ್ನೆರಡು ಸಮ ತುಂಡು ಮಾಡುತ್ತದೆ. ಅದರಲ್ಲಿ ಶುದ್ಧ ಗಂಧಾರ 400ಕ್ಕೆ ಬೀಳುತ್ತದೆ. ತಂಬೂರಿಯಲ್ಲಿ ಷಡ್ಜದ ತಂತಿ ಮೀಟಿದಾಗ ಅದರೊಳಗಿಂದ ತಾನೇ ಏಳುವ ಗಂಧಾರ ಇದೆಯಲ್ಲ, ಅದು ಷಡ್ಜಕ್ಕೆ ನಾಲ್ಕಕ್ಕೆ ಐದರ ಪ್ರಮಾಣದಲ್ಲಿ ಇರುತ್ತದೆ. ಅದು 386 ಸೆಂಟ್ಸ್. ಅಂದರೆ ಯಂತ್ರದ ಗಂಧಾರ ಸುಮಾರು 14 ಸೆಂಟ್ಸ್ ಜಾಸ್ತಿ. ವೈನಿಯ ಶ್ರುತಿ ಕಪ್ಪು ನಾಲ್ಕು, ಅಂದರೆ ಅವರ ಷಡ್ಜ ಹಾರ್ಮೋನಿಯಂನ ನಾಲ್ಕನೇ ಕಪ್ಪು ಕೀ, ಸುಮಾರು 207.65 ಹರ್ಟ್ಸ್. ಅವರು ಹಾಡುವ ಗಂಧಾರ 259.6ರ ಹತ್ತಿರ. ನನ್ನ ಸಿಂಥ್ ಕೊಡುತ್ತಿದ್ದದ್ದು 261.6. ಎರಡರ ನಡುವೆ ಎರಡು ಹರ್ಟ್ಸ್ ಅಂತರ. ಎರಡೂ ಒಟ್ಟಿಗೆ ಬಂದಾಗ ಸೆಕೆಂಡಿಗೆ ಎರಡು ಸಲ ಧ್ವನಿ ಏರಿ ಇಳಿಯುತ್ತದೆ. ವೈನಿ ‘ಅಲುಗಾಡುತ್ತಿದೆ’ ಅಂದದ್ದು ಇದನ್ನೇ. ಮೀಟರ್ ಇಲ್ಲದೆ, ಕ್ಯಾಲ್ಕ್ಯುಲೇಟರ್ ಇಲ್ಲದೆ, ಹಾಡುತ್ತಲೇ ಹಿಡಿದಿದ್ದರು. ನನಗೆ ಅವರ ಬಗ್ಗೆ ಗೌರವ ಮೊದಲೇ ಇತ್ತು. ಆ ರಾತ್ರಿ ಇನ್ನೂ ಜಾಸ್ತಿ ಆಯಿತು.

ಇದು ಹೊಸ ಜಗಳವೂ ಅಲ್ಲ. ಹಾರ್ಮೋನಿಯಂ ಮೇಲೆ ಇದೇ ದೂರು ಇತ್ತು. ಸ್ವರಗಳು ಗೂಟ ಹೊಡೆದು ನಿಂತಿವೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಬರುವುದಿಲ್ಲ, ಶ್ರುತಿ ಕೂಡುವುದಿಲ್ಲ ಅಂತ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಮತ್ತೆ ಒಳಗೆ ಬಿಟ್ಟದ್ದು 1971ರಲ್ಲಿ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ನಮ್ಮ ಊರಿನ ಕೇಂದ್ರ ತನ್ನ ಮೊದಲ ಎರಡು ದಶಕ ಹಾರ್ಮೋನಿಯಂ ಸಾಥ್ ಇಲ್ಲದೆಯೇ ನಡೆಯಿತು. ಹಾರ್ಮೋನಿಯಂನಲ್ಲಿ ಶ್ರುತಿ ಬದಲಿಸಬೇಕಾದರೆ ಹಿತ್ತಾಳೆಯ ರೀಡುಗಳನ್ನು ಒಂದೊಂದಾಗಿ ಕೆರೆಯಬೇಕು. ಸಾಫ್ಟ್‌ವೇರ್ ಸಿಂಥ್‌ಗೆ ಆ ತೊಂದರೆ ಇಲ್ಲ. ಎಲ್ಲರೂ ಯಂತ್ರವನ್ನು ಗಟ್ಟಿ ಅಂದುಕೊಳ್ಳುತ್ತಾರೆ. ಅದು ಹಾರ್ಮೋನಿಯಂಗಿಂತ ಎಷ್ಟೋ ಮೆತ್ತಗಿನದು.

ಸ್ಕಾಲಾ ಅಂತ ಒಂದು ಬಗೆಯ ಫೈಲ್ ಇದೆ. ಬರೀ ಅಕ್ಷರಗಳ ಫೈಲ್, ನೋಟ್‌ಪ್ಯಾಡಿನಲ್ಲೇ ಬರೆಯಬಹುದು. ಒಂದು ಸಾಲಿಗೆ ಒಂದು ಸ್ವರ. ರಿಷಭಕ್ಕೆ 9/8, ಗಂಧಾರಕ್ಕೆ 5/4, ಪಂಚಮಕ್ಕೆ 3/2, ಮೇಲಿನ ಷಡ್ಜಕ್ಕೆ 2/1. ನಡುವೆ ಬೇಡದ ಕಪ್ಪು ಬಿಳಿ ಕೀಗಳಿಗೂ ಏನಾದರೂ ಬರೆದು ಹನ್ನೆರಡು ತುಂಬಿಸಿದರೆ, ಕೀಬೋರ್ಡಿನ ಮೇಲೆ ಬೆರಳಿನ ಜಾಗ ಬದಲಾಗುವುದಿಲ್ಲ. ಷಡ್ಜ ಯಾವ ಕೀ ಮೇಲೆ ಕೂರಬೇಕು ಅನ್ನುವುದಕ್ಕೆ ಇನ್ನೊಂದು ಸಣ್ಣ ಫೈಲ್. ಸರ್ಜ್ ಎಕ್ಸ್‌ಟಿ ಅನ್ನುವ ಸಿಂಥ್ ಇವೆರಡನ್ನೂ ಓದುತ್ತದೆ, ದುಡ್ಡೂ ಕೊಡಬೇಕಿಲ್ಲ. ಧೈವತವನ್ನು ಮಾತ್ರ ಪುಸ್ತಕದ ಪ್ರಮಾಣದಿಂದ ಇಡಲಿಲ್ಲ. ವೈನಿ ಹಾಡಿದರು, ನಾನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಹೋದೆ, ಅವರು ‘ಹಾಂ’ ಅಂದಲ್ಲಿ ನಿಲ್ಲಿಸಿದೆ. ನಮ್ಮ ಭೂಪದ ಫೈಲ್ ಹಾಗೆ ತಯಾರಾಯಿತು. ಫೈಲ್ ಹಾಕಿ ಅದೇ ಸ್ವರಗುಚ್ಛ ನುಡಿಸಿದಾಗ ಕೋಣೆಯೇ ಸದ್ದಿಲ್ಲದೆ ಹಿಗ್ಗಿದ ಹಾಗೆ ಆಯಿತು. ಅಲುಗಾಟ ಹೋಗಿತ್ತು. ವೈನಿ ಗಂಧಾರದ ಮೇಲೆ ನಿಂತರು, ಉಸಿರು ಇರುವ ತನಕ ನಿಂತರು.

ಇಲ್ಲಿ ಒಬ್ಬರ ಹೆಸರು ಹೇಳಲೇಬೇಕು. ಮುಂಬೈನ ಚರಣಜೀತ್ ಸಿಂಗ್. ಹಿಂದಿ ಸಿನಿಮಾ ಸಂಗೀತದಲ್ಲಿ ವಾದ್ಯ ನುಡಿಸುತ್ತಿದ್ದವರು. 1982ರಲ್ಲಿ ರೋಲಂಡ್ ಕಂಪನಿಯ ಮೂರು ಯಂತ್ರ ಇಟ್ಟುಕೊಂಡು, ಜುಪಿಟರ್-8, ಟಿಬಿ-303, ಟಿಆರ್-808, ಹತ್ತು ರಾಗಗಳನ್ನು ಡಿಸ್ಕೊ ನಡೆಗೆ ಕೂರಿಸಿದರು. ಭೂಪಾಲಿ, ಅಂದರೆ ನಮ್ಮ ಭೂಪವೇ, ಆ ಹತ್ತರಲ್ಲಿ ಒಂದು. ಆಗ ಯಾರೂ ಹೆಚ್ಚು ಕೇಳಲಿಲ್ಲ. 2010ರಲ್ಲಿ ಮರುಪ್ರಕಟ ಆದ ಮೇಲೆ ಜಗತ್ತು ಕಿವಿ ಕೊಟ್ಟಿತು. ಅದೇ 303 ಯಂತ್ರದಿಂದ ಷಿಕಾಗೋದ ಹುಡುಗರು ‘ಆಸಿಡ್ ಹೌಸ್’ ಅನ್ನುವ ಡ್ಯಾನ್ಸ್ ಸಂಗೀತದ ಪ್ರಕಾರ ಹುಟ್ಟಿಸಿದ್ದು ಇವರಾದ ಕೆಲವು ವರ್ಷಗಳ ನಂತರ. ಇದನ್ನು ವೈನಿಗೆ ಕೇಳಿಸಿದೆ. ಗಂಧಾರದ ಬಗ್ಗೆ ಅವರು ಏನೂ ಅನ್ನಲಿಲ್ಲ. "ಧೈರ್ಯ ನೋಡು ಆ ಮನಿಷ್ಯಾಂದು" ಅಂದರು. ಇಂಥ ಕೆಲಸ ಎಲ್ಲೋ ದೂರದ ದೇಶದಿಂದ ಬರಬೇಕಿಲ್ಲ ಅನ್ನುವ ನಂಬಿಕೆ ನಮಗೆ ಅಲ್ಲಿಂದ ಬಂತು.

ಶ್ರುತಿ ಕೂಡಿತು. ಆಮೇಲೆ ಬಂದ ಕಷ್ಟ ಇನ್ನೂ ಆಳದ್ದು, ನನಗೆ ಹೆಚ್ಚು ಪ್ರೀತಿಯದೂ ಅದೇ.

ಆರ್ಪೆಜಿಯೇಟರ್ ಅಂತ ಇರುತ್ತದೆ. ಕೊಟ್ಟ ಸ್ವರಗಳನ್ನು ಒಂದಾದ ಮೇಲೊಂದು ತಾನೇ ನುಡಿಸುತ್ತಾ ಹೋಗುವ ಸಾಧನ. ಐದು ಸ್ವರ ಕೊಟ್ಟು, ಯಾವುದಾದರೂ ಕ್ರಮದಲ್ಲಿ ಬರಲಿ ಅಂತ ಬಿಟ್ಟೆ. ಕೇಳಲು ಚೆನ್ನಾಗಿಯೇ ಇತ್ತು. ವೈನಿ ಸ್ವಲ್ಪ ಹೊತ್ತು ಕೇಳಿ ಹುಬ್ಬು ಗಂಟಿಕ್ಕಿದರು.

"ಅಲ್ಲಾ, ಬೆಳಗಾಗಾಕತ್ತೈತಲ್ಲ. ನಾ ರಾತ್ರಿ ಹಾಡಾಕತ್ತೇನಿ."

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಭೂಪದ ಐದು ಸ್ವರಗಳೇ ದೇಶಕಾರ ರಾಗದ ಐದು ಸ್ವರಗಳೂ ಹೌದು. ಆದರೆ ಭೂಪದಲ್ಲಿ ಗಂಧಾರ ವಾದಿ, ಅಂದರೆ ಮುಖ್ಯ ಸ್ವರ. ಧೈವತ ಸಂವಾದಿ, ಅಂದರೆ ಅದರ ನಂತರದ್ದು. ದೇಶಕಾರದಲ್ಲಿ ಇದು ತಿರುವುಮುರುವು, ಧೈವತವೇ ಯಜಮಾನ. ಭೂಪ ಕೆಳಗಿನ ಅರ್ಧದಲ್ಲಿ ಓಡಾಡುತ್ತದೆ, ದೇಶಕಾರ ಮೇಲಿನ ಅರ್ಧದಲ್ಲಿ. ಒಂದು ರಾತ್ರಿಯದು, ಇನ್ನೊಂದು ಬೆಳಗಿನದು. ಯಂತ್ರ ಐದೂ ಸ್ವರಗಳನ್ನು ಸಮನಾಗಿ ಹಂಚುತ್ತಾ ಹೋಗುವಾಗ ಧೈವತ ಎಲ್ಲೆಲ್ಲೋ ಎದ್ದು ನಿಲ್ಲುತ್ತಿತ್ತು. ಸ್ವರ ಒಂದೂ ತಪ್ಪಿಲ್ಲ, ರಾಗ ಮಾತ್ರ ಕೈತಪ್ಪಿದೆ. ಸಾಫ್ಟ್‌ವೇರುಗಳಲ್ಲಿ ‘ಸ್ಕೇಲ್’ ಅಂತ ಆರಿಸಿಕೊಳ್ಳುವ ಪಟ್ಟಿ ಇರುತ್ತದೆ. ಎಷ್ಟೋ ಕಡೆ ರಾಗಗಳ ಹೆಸರೂ ಇರುತ್ತದೆ. ಆ ಪಟ್ಟಿಯಿಂದ ರಾಗ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸಿಗುವುದು ಸ್ವರಗಳ ಪಟ್ಟಿ ಅಷ್ಟೇ.

ನಾವು ಮಾಡಿದ್ದು ಹೀಗೆ. ಒಂದು ಸ್ವರದ ನಂತರ ಯಾವ ಸ್ವರ ಬರಬಹುದು, ಎಷ್ಟು ಸಲ ಬರಬಹುದು ಅಂತ ವೈನಿ ಹೇಳುತ್ತಾ ಹೋದರು. ನಾನು ಪ್ರತಿ ಸ್ವರದ ಮುಂದೆ ಶೇಕಡಾ ಬರೆದುಕೊಂಡೆ. ಗಂಧಾರಕ್ಕೆ ಬಂದು ನಿಲ್ಲುವ ಅವಕಾಶ ಜಾಸ್ತಿ. ಧೈವತ ಬಂದರೂ ಅಲ್ಲಿ ತಳವೂರಬಾರದು, ಷಡ್ಜಕ್ಕೋ ಪಂಚಮಕ್ಕೋ ಜಾರಬೇಕು. ಮಂದ್ರದ, ಅಂದರೆ ಕೆಳಗಿನ ಸಪ್ತಕದ ಧೈವತದಿಂದ ಷಡ್ಜಕ್ಕೆ ಏರುವ ದಾರಿ ಆಗಾಗ ಬರಲಿ. ಮೇಲಿನ ಸಪ್ತಕಕ್ಕೆ ಹೋಗುವುದು ಅಪರೂಪಕ್ಕೆ. ಹಾಗೆ ಬರೆದ ಹಾಳೆ ಈಗಲೂ ಗೋಡೆಗೆ ಅಂಟಿಸಿದೆ, ವೈನಿಯ ಅಕ್ಷರ, ನನ್ನ ಅಂಕಿ. ಅವರಿಗೆ ಗುರುಗಳು ಬಾಯಿಂದ ಬಾಯಿಗೆ ಕೊಟ್ಟದ್ದನ್ನು ಮೊದಲ ಸಲ ಅಂಕಿಯಲ್ಲಿ ಬರೆದೆವು. ಇದರಿಂದ ಯಂತ್ರ ಭೂಪ ಹಾಡಲು ಕಲಿಯಿತು ಅಂತ ನಾನು ಹೇಳುವುದಿಲ್ಲ. ವೈನಿ ಹಾಡುವಾಗ ಅಡ್ಡ ಬರದೆ ಜೊತೆಗೆ ನಡೆಯುವುದನ್ನು ಕಲಿಯಿತು. ಸಾಥ್ ಕೊಡುವವರಿಂದ ನಾವು ಬಯಸುವುದೂ ಅಷ್ಟೇ ಅಲ್ವಾ?

ಮೀಂಡ್‌ಗೆ ಬೇರೆ ದಾರಿ ಹಿಡಿಯಬೇಕಾಯಿತು. 1983ರಲ್ಲಿ ಬಂದ ಮಿಡಿ ಅನ್ನುವ ವ್ಯವಸ್ಥೆಯ ಮೇಲೆ ಇವತ್ತಿಗೂ ಎಲ್ಲ ಕೀಬೋರ್ಡುಗಳು ನಡೆಯುತ್ತವೆ. ಅದರಲ್ಲಿ ಸ್ವರ ಜಾರಿಸುವುದಕ್ಕೆ 16,384 ಮೆಟ್ಟಿಲು ಇವೆ. ಮೆಟ್ಟಿಲಿಗೆ ಬರ ಇಲ್ಲ. ಆದರೆ ಸಾಮಾನ್ಯವಾಗಿ ಅದು ಎರಡು ಅರ್ಧಸ್ವರದಷ್ಟು ಮಾತ್ರ ಜಾರುವ ಹಾಗೆ ಇಟ್ಟಿರುತ್ತಾರೆ. ಭೂಪದಲ್ಲಿ ಪಂಚಮದಿಂದ ಗಂಧಾರಕ್ಕೆ, ಷಡ್ಜದಿಂದ ಧೈವತಕ್ಕೆ ಮೂರು ಅರ್ಧಸ್ವರದ ದೂರ. ಅದನ್ನು ಹನ್ನೆರಡಕ್ಕೆ ಏರಿಸಿದೆ. ಆಮೇಲೂ ಅದು ಆಂಬುಲೆನ್ಸ್ ಸೈರನ್ನಿನ ಹಾಗೆಯೇ ಕೇಳುತ್ತಿತ್ತು. ಗೆರೆ ಎಳೆದ ಹಾಗೆ ನೇರವಾಗಿ ಜಾರಿದರೆ ಅದು ಮೀಂಡ್ ಆಗುವುದಿಲ್ಲ. ವೈನಿಯ ದನಿ ರೆಕಾರ್ಡ್ ಮಾಡಿ, ಸೋನಿಕ್ ವಿಶುವಲೈಸರ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಸ್ವರದ ಜಾಡು ತೆಗೆದು ನೋಡಿದೆ. ಪಂಚಮ ಬಿಡುವಾಗ ತಡ ಮಾಡುತ್ತಾರೆ, ನಡುವೆ ಬೇಗ ಇಳಿಯುತ್ತಾರೆ, ಗಂಧಾರದ ಹತ್ತಿರ ಬಂದು ಮತ್ತೆ ನಿಧಾನ, ಒಂದು ಕೂದಲಿನಷ್ಟು ಕೆಳಗೆ ಹೋಗಿ ಮೇಲೆ ಬಂದು ಕೂರುತ್ತಾರೆ. ಆ ಜಾಡನ್ನೇ ನಕಲು ಮಾಡಿ ಸಿಂಥ್‌ನ ಬೇಸ್‌ಗೆ ಕೊಟ್ಟೆವು. ನಮ್ಮ ಮೊದಲ ಹಾಡಿನಲ್ಲಿ ಕೆಳಗೆ ಗುಂಯ್‌ಗುಡುವ ಬೇಸ್ ಇಳಿಯುವುದು ವೈನಿಯ ಗಂಟಲು ಇಳಿದ ದಾರಿಯಲ್ಲೇ.

ರೆಕಾರ್ಡಿಂಗ್ ಮಾಡಿದ್ದು ಟ್ರಂಕು, ಹಾಸಿಗೆ ಇಡುವ ಸಣ್ಣ ಕೋಣೆಯಲ್ಲಿ. ಗೋಡೆಗೆ ಅವ್ವ ಹೊಲಿದ ಕೌದಿಗಳನ್ನು ಇಳಿಬಿಟ್ಟೆವು. ಹಳೆ ಸೀರೆಯ ಪದರು ಪದರು ಸೇರಿಸಿ ಹೊಲಿದ ಕೌದಿ ದನಿಯ ಮರುಸದ್ದನ್ನು ಚೆನ್ನಾಗಿ ಕುಡಿಯುತ್ತದೆ. ಫ್ಯಾನ್ ಬಂದ್, ಫ್ರಿಜ್ ಬಂದ್. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ. ಚಾರ್ಜರ್ ಸಿಕ್ಕಿಸಿದರೆ 50 ಹರ್ಟ್ಸ್ ಕರೆಂಟಿನ ಗುಂಯ್ ಒಳಗೆ ಬರುತ್ತಿತ್ತು. ನನ್ನ ಹಗಲಿನ ಕೆಲಸದಲ್ಲಿ ಆ ಗುಂಯ್ ಕೇಳಿಯೇ ಇನ್ವರ್ಟರಿನ ಕಾಯಿಲೆ ಹೇಳುತ್ತೇನೆ. ರಾತ್ರಿ ಅದನ್ನು ಓಡಿಸುವ ಕೆಲಸ. ವೈನಿ ಹಾಡುವಾಗ ಅವರ ದನಿ ಅವರಿಗೇ ಹೆಡ್‌ಫೋನಿನಲ್ಲಿ ತಡವಾಗಿ ಕೇಳಬಾರದು. ಕಂಪ್ಯೂಟರ್ ಒಂದು ಸಲಕ್ಕೆ ಎಷ್ಟು ಧ್ವನಿ ಕೂಡಿಸಿಕೊಂಡು ಕಳಿಸುತ್ತದೆ ಅನ್ನುವ ಬಫರ್ ಅಳತೆ 1024 ಇಟ್ಟರೆ ಒಂದು ಕಡೆಗೇ ಸುಮಾರು 21 ಮಿಲಿಸೆಕೆಂಡ್ ತಡ. 128 ಇಟ್ಟರೆ ಮೂರಕ್ಕಿಂತ ಕಡಿಮೆ, ಆದರೆ ನಮ್ಮ ಹಳೆಯ ಲ್ಯಾಪ್‌ಟಾಪ್ ತಡೆದುಕೊಳ್ಳದೆ ಚಿಟಿಚಿಟಿ ಅನ್ನುತ್ತದೆ. ಅದಕ್ಕೆ ದನಿ ಕಂಪ್ಯೂಟರಿಗೆ ಹೋಗುವ ಮೊದಲೇ, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸಿನಿಂದ ನೇರ ಕಿವಿಗೆ ಬರುವ ಹಾಗೆ ಮಾಡಿದೆವು.

ತಾಳದ ಮಾತಿಗೆ ಬರುತ್ತೇನೆ. 1980ರ 808 ಡ್ರಮ್ ಯಂತ್ರದಲ್ಲಿ ಹದಿನಾರು ಗುಂಡಿ. ತೀನತಾಲಕ್ಕೂ ಹದಿನಾರು ಮಾತ್ರೆ. ಲೆಕ್ಕ ಕೂಡಿತು ಅಂತ ಖುಷಿಪಟ್ಟು ಸುಮ್ನೆ ಕೂರುವ ಹಾಗಿಲ್ಲ. ತೀನತಾಲದಲ್ಲಿ ಒಂಬತ್ತನೇ ಮಾತ್ರೆಗೆ ಖಾಲಿ. ಅಲ್ಲಿಂದ ಮುಂದಿನ ಕೆಲವು ಮಾತ್ರೆ ತಬಲಾದ ಎಡಗೈ ಗುಮ್ಮು ಅನ್ನುವುದಿಲ್ಲ. ಸಮ, ಅಂದರೆ ಮೊದಲ ಮಾತ್ರೆ, ಹತ್ತಿರ ಬಂದಾಗ ಮತ್ತೆ ತುಂಬಿಕೊಳ್ಳುತ್ತದೆ. ಡ್ಯಾನ್ಸ್ ಸಂಗೀತದ ಕಿಕ್ ಡ್ರಮ್ ಹಾಗಲ್ಲ, ಒಂದೇ ಸಮ ಗುದ್ದುತ್ತಲೇ ಇರುತ್ತದೆ. ನಾವು ಖಾಲಿಯಲ್ಲಿ ಕಿಕ್ ತೆಗೆದೆವು. ಅಷ್ಟೇ ಮಾಡಿದ್ದು. ಅಷ್ಟರಿಂದಲೇ ಕೇಳುವವರ ತಲೆ ಸಮಕ್ಕೆ ತಾನಾಗಿ ಅಲ್ಲಾಡುತ್ತದೆ.

ಎರಡನೇ ಹಾಡಿಗೆ ಡ್ರಮ್ ಯಂತ್ರವೇ ಬೇಡ ಅನ್ನಿಸಿತು. ಅವ್ವನ ತವರು ಬೆಟಗೇರಿ. ಗದಗ-ಬೆಟಗೇರಿ ನೇಕಾರರ ಊರು. ಚಿಕ್ಕವಳಿದ್ದಾಗ ಸೂಟಿಗೆ ಹೋದರೆ ಓಣಿಯ ತುಂಬ ಕೈಮಗ್ಗದ ಸದ್ದು. ಈಗ ಮಗ್ಗ ಕಡಿಮೆ ಆಗಿವೆ. ಸೋದರಮಾವನ ಮನೆಯ ಹತ್ತಿರ ಒಬ್ಬ ಕಾಕಾ ಇನ್ನೂ ಕುಣಿಮಗ್ಗದಲ್ಲಿ ಸೀರೆ ನೇಯುತ್ತಾರೆ. ಅವರನ್ನು ಕೇಳಿಕೊಂಡೆವು. "ಮಗ್ಗದ ಸಪ್ಪಳ ತಗೊಂಡು ಏನ ಮಾಡ್ತೀಯವ್ವಾ?" ಅಂದರು. ಹಾಡು ಮಾಡುತ್ತೇವೆ ಕಾಕಾ ಅಂದೆ. ಮೈಕುಗಳನ್ನು ಎರಡು ಕಡೆ ಇಟ್ಟೆ. ಒಂದು ಕುಣಿಯೊಳಗೆ ಕಾಲು ತುಳಿಯುವ ಕಡೆ, ಇನ್ನೊಂದು ಮೇಲೆ ಬಟ್ಟೆಯ ಹತ್ತಿರ. ಕೆಳಗಿನ ಮೈಕಿಗೆ ತುಳಿತದ ಮಂದ ಸದ್ದು. ಮೇಲಿನದಕ್ಕೆ ಲಾಳಿ ಆ ಕಡೆಯಿಂದ ಈ ಕಡೆಗೆ ಹಾರುವ ಸರ್ ಅನ್ನುವ ದನಿ, ಅದರ ಬೆನ್ನಿಗೇ ನೂಲನ್ನು ಒತ್ತುವ ಹಣಿಗೆಯ ಟಕ್. ಡ್ರಮ್ ಸೆಟ್ಟಿನ ಕಿಕ್, ಹೈಹ್ಯಾಟ್, ಸ್ನೇರ್ ಮೂರೂ ಒಂದೇ ಮಗ್ಗದಲ್ಲಿ ಸಿಕ್ಕವು. ಕಾಕಾನ ಕೂಲಿಯ ಹೊತ್ತು ಅದು. ಆ ಹೊತ್ತಿನ ಕೂಲಿ ಕೊಟ್ಟು, ಹಾಡಿನ ಮಾಹಿತಿಯಲ್ಲಿ ಮಗ್ಗ ನೇಯ್ದವರು ಅಂತ ಅವರ ಹೆಸರನ್ನೂ ಅವರ ಒಪ್ಪಿಗೆ ಪಡೆದು ಹಾಕಿದೆವು.

ಮಗ್ಗದ ನಡೆ ಗಡಿಯಾರದ ನಡೆ ಅಲ್ಲ. ಒಂದು ಹೊಡೆತಕ್ಕೂ ಇನ್ನೊಂದಕ್ಕೂ ಕೂದಲೆಳೆ ಅಂತರ ಇದ್ದೇ ಇರುತ್ತದೆ. ಸಾಫ್ಟ್‌ವೇರ್‌ನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಎಲ್ಲ ಹೊಡೆತಗಳೂ ಗೆರೆಗೆ ಬಂದು ನಿಲ್ಲುತ್ತವೆ. ಒತ್ತಿ ನೋಡಿದೆವು. ಮಗ್ಗ ಸತ್ತುಹೋಯಿತು. ಹಾಗಾಗಿ ತಿರುಗಿಸಿ ಮಾಡಿದೆವು. ಮಗ್ಗದ ಪ್ರತಿ ಟಕ್‌ಗೂ ಗುರುತು ಹಾಕಿ, ಕಂಪ್ಯೂಟರಿನ ಲಯವೇ ಅದರ ಹಿಂದೆ ಹೋಗುವ ಹಾಗೆ ಮಾಡಿದೆ. ಅಂದರೆ ಸಿಂಥ್, ಬೇಸ್, ಎಲ್ಲವೂ ಕಾಕಾನ ಕೈಕಾಲಿನ ವೇಗಕ್ಕೆ ಏರಿ ಇಳಿಯುತ್ತವೆ. ಬೇಸರದ ಕೆಲಸ, ಕಣ್ಣು ಉರಿಯುತ್ತದೆ. ಆದರೆ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಹೆಮ್ಮೆ ಇರುವುದು ಇದರ ಮೇಲೆ. ನಡುವೆ ಒಂದು ಎಳೆ ಹರಿದು ಕಾಕಾ ಮಗ್ಗ ನಿಲ್ಲಿಸಿದ್ದರು. ಎಳೆ ಕೂಡಿಸಿ ಮತ್ತೆ ಶುರು ಮಾಡಿದರು. ಆ ನಿಂತ ಹೊತ್ತನ್ನೂ ಹಾಗೇ ಉಳಿಸಿಕೊಂಡೆವು. ಅಲ್ಲಿ ಸಿಂಥ್ ಕೂಡ ನಿಲ್ಲುತ್ತದೆ, ವೈನಿಯ ದನಿ ಒಂದೇ ಮುಂದೆ ಹೋಗುತ್ತದೆ.

ಆ ಹಾಡಿಗೆ ಮಾತು ಬೇಕಿತ್ತು. ವೈನಿಗೆ ಬೇಂದ್ರೆಯವರ ಕವಿತೆ ಹಾಡುವ ಆಸೆ. ಅವರಿದ್ದ ಸಾಧನಕೇರಿ ನಮ್ಮ ಮನೆಯಿಂದ ದೂರವೇನಲ್ಲ. ಆದರೆ ಕವಿಯ ಹಕ್ಕು ಅವರು ತೀರಿಕೊಂಡ ನಂತರ 60 ವರ್ಷ ಇರುತ್ತದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ. ಅಂದರೆ 2041ರ ಕೊನೆಯವರೆಗೆ ಅನುಮತಿ ಬೇಕು. ಶಿಶುನಾಳ ಶರೀಫರ ತತ್ವಪದಗಳಿಗೆ ಆ ತೊಡಕಿಲ್ಲ, ಅವರು 1889ರಲ್ಲೇ ಹೋದವರು. ಆದರೆ ಪದ ಮುಕ್ತ ಅಂದ ಮಾತ್ರಕ್ಕೆ ಎಲ್ಲರ ಬಾಯಲ್ಲಿರುವ ಧಾಟಿ ಮುಕ್ತ ಆಗುವುದಿಲ್ಲ. ಅವುಗಳಿಗೆ ನಮ್ಮ ಕಾಲದ ಸಂಗೀತಗಾರರು ಕಟ್ಟಿದ ಧಾಟಿ ಅವರದ್ದು. ಹಳೆಯ ಉಸ್ತಾದರ, ಬುವಾಗಳ ರೆಕಾರ್ಡಿನಿಂದ ಒಂದು ತುಣುಕು ಕತ್ತರಿಸಿ ಹಾಕುವುದೂ ಹಾಗೆಯೇ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ. ನಮ್ಮಂಥ ಸಣ್ಣವರು ಇದನ್ನು ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು, ಇಲ್ಲದಿದ್ದರೆ ಆಮೇಲೆ ಹಾಡು ತೆಗೆದುಹಾಕಬೇಕಾಗುತ್ತದೆ.

ಕೊನೆಗೆ ಮಾತು ಅಡುಗೆಮನೆಯಿಂದ ಬಂತು. ಅವ್ವನಿಗೆ ಬೀಸುವ ಪದ ಬರುತ್ತವೆ. ಅವರ ಅವ್ವ ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ತ್ರಿಪದಿಗಳು. ಬರೆದವರು ಯಾರೂ ಅಲ್ಲ, ಹಾಡಿದವರೆಲ್ಲರೂ. ತ್ರಿಪದಿ ಮೂರು ಸಾಲಿನದು, ಆದರೆ ಹಾಡುವಾಗ ಎರಡನೇ ಸಾಲು ಮತ್ತೆ ಬಂದು ನಾಲ್ಕರ ಹಾಗೆ ನಡೆಯುತ್ತದೆ. ಎಲೆಕ್ಟ್ರಾನಿಕ್ ಸಂಗೀತ ನಿಂತಿರುವುದೇ ಇಂಥ ಮರಳಿ ಬರುವಿಕೆಯ ಮೇಲೆ. ನಾವು ಹೊಸದಾಗಿ ಏನೂ ಹೊಂದಿಸಬೇಕಾಗಲಿಲ್ಲ. ಮೊದಲ ತ್ರಿಪದಿ ಅವ್ವನೇ ಹಾಡಿದರು. ಉಳಿದದ್ದು ವೈನಿ. "ಅತ್ತಿ ಹಾಡಿಂದ ಸೊಗಡು ನನಗ ಬರಂಗಿಲ್ಲ" ಅಂತ ವೈನಿ ಹಟ ಮಾಡಿ ಅದನ್ನು ಉಳಿಸಿಕೊಂಡರು.

ಮಿಕ್ಸಿಂಗ್, ಅಂದರೆ ಎಲ್ಲ ದನಿಗಳನ್ನು ಹದವಾಗಿ ಬೆರೆಸುವುದು, ಅದರ ಬಗ್ಗೆ ಒಂದೇ ಮಾತು. ನಮ್ಮ ಹಾಡು ಕೇಳುವವರು ಮೊಬೈಲಿನ ಸ್ಪೀಕರಿನಲ್ಲಿ ಕೇಳುತ್ತಾರೆ. ಅಲ್ಲಿ 50 ಹರ್ಟ್ಸಿನ ಬೇಸ್ ಇರಲಿ, 150 ಹರ್ಟ್ಸ್ ಕೂಡ ಸರಿಯಾಗಿ ಬರುವುದಿಲ್ಲ. ಬೇಸ್‌ಗೆ ಸ್ವಲ್ಪ ಒರಟುತನ ಕೊಟ್ಟು ಮೇಲಿನ ಉಪಸ್ವರಗಳನ್ನು ಎಬ್ಬಿಸಿದರೆ, ಮೂಲ ಸ್ವರ ಸ್ಪೀಕರಿನಿಂದ ಬರದಿದ್ದರೂ ಕಿವಿ ಅದನ್ನು ತಾನೇ ತುಂಬಿಕೊಳ್ಳುತ್ತದೆ. ಇಡೀ ಮಿಕ್ಸನ್ನು ನಾನು ಪರೀಕ್ಷೆ ಮಾಡಿದ್ದು ಚಿಗರಿ ಬಸ್ಸಿನಲ್ಲಿ, ಇಯರ್‌ಫೋನ್ ಹಾಕಿಕೊಂಡು. ಬಸ್ಸಿನ ಸದ್ದಿನ ನಡುವೆಯೂ ಗಂಧಾರ ನಿಂತರೆ ಮಿಕ್ಸ್ ಸರಿ ಇದೆ ಅಂತ ಲೆಕ್ಕ.

ಬಿಡುಗಡೆಯ ಕೆಲಸ ಕಾಗದಪತ್ರದ ಕೆಲಸ. ಹಾಡುಗಳನ್ನು ಎಲ್ಲ ಆ್ಯಪ್‌ಗಳಿಗೆ ಹಂಚುವ ಕಂಪನಿಗಳಿವೆ, ವರ್ಷಕ್ಕೆ ಇಷ್ಟು ಅಂತ ಕಟ್ಟಬೇಕು. ಅವರೇ ಪ್ರತಿ ಹಾಡಿಗೂ ಹನ್ನೆರಡು ಅಕ್ಷರದ ಐಎಸ್‌ಆರ್‌ಸಿ ಅನ್ನುವ ಗುರುತು ಸಂಖ್ಯೆ ಕೊಡುತ್ತಾರೆ. ಧ್ವನಿಯ ಮಟ್ಟ, ಹಾಡು ಎಷ್ಟು ಜೋರು ಅಂತ ಅಳೆಯುವ ಮಾನದಲ್ಲಿ, ಮೈನಸ್ 14 ಎಲ್‌ಯುಎಫ್‌ಎಸ್ ಸುತ್ತ ಇದ್ದರೆ ಸಾಕು. ಅದಕ್ಕಿಂತ ಜೋರು ಮಾಡಿ ಕೊಟ್ಟರೂ ಸ್ಪಾಟಿಫೈಯಂಥವರು ತಾವೇ ತಗ್ಗಿಸುತ್ತಾರೆ. ಜೋರು ಮಾಡುವ ಭರದಲ್ಲಿ ತಂಬೂರಿಯ ಜವಾರಿ, ಅಂದರೆ ತಂತಿಯ ಝೇಂಕಾರ, ಹಾಳಾಗುವುದಷ್ಟೇ ಲಾಭ.

ಹೊರಗೆ ಬಿಡುವ ಮೊದಲು ಗದಗಕ್ಕೆ ಹೋಗಿ ವೈನಿಯ ಗುರುಗಳಿಗೆ ಕೇಳಿಸಿದೆವು. ವೈನಿಗೆ ಹಿಂದಿನ ರಾತ್ರಿ ನಿದ್ದೆ ಇರಲಿಲ್ಲ. ಗುರುಗಳು ಕಣ್ಣು ಮುಚ್ಚಿ ಕೇಳಿದರು. "ತಂಗೀ, ಆ ಡ್ರಮ್ಮಿಂದು ಒಂದೀಟು ಬಂದ್ ಮಾಡು" ಅಂದರು. ನಾನು ಅದೊಂದನ್ನು ತೆಗೆದು ಮತ್ತೆ ಕೇಳಿಸಿದೆ. ಆಮೇಲೆ ಬೇಸ್ ತೆಗೆಸಿದರು. ಬರೀ ದನಿ ಮತ್ತು ಆರ್ಪೆಜಿಯೋ. ಅದನ್ನು ಪೂರ್ತಿ ಕೇಳಿ, ರಾಗ ಕೆಟ್ಟಿಲ್ಲ ಅಂದರು. ಆದರೆ ಧೈವತ ಬೇಗ ಬರುತ್ತದೆ, ಮೊದಲ ಹತ್ತು ಆವರ್ತನ ಸಾ ರೇ ಗ ಮೂರರಲ್ಲೇ ಇರಲಿ, ಪಂಚಮಕ್ಕೂ ಅವಸರ ಬೇಡ ಅಂದರು. "ಮಷಿನ್‌ಗೆ ಏನ್ ಗಡಿಬಿಡಿ ಐತಿ? ಅದಕ್ಕೇನ್ ದಣಿವಿಲ್ಲ." ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಊರಿಗೆ ಬಂದು ಗೋಡೆಯ ಹಾಳೆ ತೆಗೆದು, ಶೇಕಡಾಗಳು ಹೊತ್ತಿನ ಜೊತೆ ಬದಲಾಗುವ ಹಾಗೆ ಮತ್ತೆ ಬರೆದೆವು. ಮೊದಲು ಮೂರು ಸ್ವರ, ಆಮೇಲೆ ನಾಲ್ಕು, ತಡವಾಗಿ ಐದು. ಬಡತ್ ಅಂತ ಹಾಡುವವರು ಹೇಳುತ್ತಾರಲ್ಲ, ಒಂದೊಂದೇ ಸ್ವರ ಬಿಚ್ಚುತ್ತಾ ಬೆಳೆಸುವುದು, ಅದು ಈಗ ಸ್ವರಗಳನ್ನು ಸಾಲಾಗಿ ನುಡಿಸುವ ನಮ್ಮ ಸೀಕ್ವೆನ್ಸರ್‌ನಲ್ಲಿ ಇದೆ.

ಮೊದಲು ಕೂತು ನುಡಿಸಿದ್ದು ಸಪ್ತಾಪುರದಲ್ಲಿ, ಪರಿಚಯದವರ ಮನೆಯ ಮಾಳಿಗೆ ಮೇಲೆ. ಜಮಖಾನೆ ಹಾಸಿ ಬೈಠಕ್ಕಿನ ಹಾಗೆ ಕೂತೆವು. ಅಲ್ಲಿ ಎಲ್ಲ ಸುಸೂತ್ರ. ಆಮೇಲೆ ಹುಬ್ಬಳ್ಳಿಯ ಒಂದು ಸಣ್ಣ ಹಾಲ್‌ನಲ್ಲಿ. ಅಲ್ಲಿಯ ವೈರಿಂಗಿನಿಂದ 50 ಹರ್ಟ್ಸಿನ ಗುಂಯ್ ಸ್ಪೀಕರಿಗೆ ಬರುತ್ತಿತ್ತು. ವೈನಿಯ ಷಡ್ಜದ ಎರಡು ಸಪ್ತಕ ಕೆಳಗಿನ ಷಡ್ಜ ನಮ್ಮ ಬೇಸ್, ಅದು 51.9 ಹರ್ಟ್ಸ್. ಮತ್ತೆ ಅದೇ ಕಥೆ, ಎರಡು ಹರ್ಟ್ಸಿನ ಅಂತರ, ಅದೇ ಅಲುಗಾಟ, ಈ ಸಲ ನೆಲವೇ ನಡುಗುವ ಹಾಗೆ. ವೈನಿ ನನ್ನ ಕಡೆ ನೋಡಿದರು, ಏನೂ ಹೇಳಬೇಕಾಗಲಿಲ್ಲ. ನನ್ನ ಚೀಲದಲ್ಲಿ ಡಿಐ ಬಾಕ್ಸ್ ಇತ್ತು, ವಾದ್ಯಕ್ಕೂ ಮೈಕ್‌ಸೆಟ್ಟಿಗೂ ನಡುವೆ ಹಾಕುವ ಸಣ್ಣ ಪೆಟ್ಟಿಗೆ. ಅದರಿಂದ ಲ್ಯಾಪ್‌ಟಾಪಿನ ಕಡೆಯ ಮತ್ತು ಮೈಕ್‌ಸೆಟ್ಟಿನ ಕಡೆಯ ಅರ್ಥಿಂಗ್ ಬೇರೆ ಮಾಡಿದೆ, ಗುಂಯ್ ನಿಂತಿತು. ಮೈಕ್‌ಸೆಟ್ ಹುಡುಗ ಬಹಳ ಸಹಾಯ ಮಾಡಿದ. ಭಾಷಣಕ್ಕೆ ಅಂತ ಇಟ್ಟಿದ್ದ ಟ್ರೆಬಲ್ ಪೂರ್ತಿ ಇಳಿಸಿ, ಕಾರ್ಯಕ್ರಮ ಮುಗಿಯುವ ತನಕ ಮಿಕ್ಸರ್ ಬಿಟ್ಟು ಅಲ್ಲಾಡಲಿಲ್ಲ.

ಮುಗಿದ ಮೇಲೆ ಹಾರ್ಮೋನಿಯಂ ನುಡಿಸುವ ಹಿರಿಯರೊಬ್ಬರು ಹತ್ತಿರ ಬಂದರು. ಹಾಡಿನ ಬಗ್ಗೆ ಏನೂ ಕೇಳಲಿಲ್ಲ. "ಆ ಗಂಧಾರ ಹೆಂಗ ಇಳಿಸಿದಿ, ಅದನ್ನ ತೋರಿಸು" ಅಂದರು. ಲ್ಯಾಪ್‌ಟಾಪ್ ತೆರೆದು ಸ್ಕಾಲಾ ಫೈಲ್ ತೋರಿಸಿದೆ. 5/4 ಅಂತ ಬರೆದ ಸಾಲಿನ ಮೇಲೆ ಬೆರಳಿಟ್ಟು, ಇಷ್ಟೇನಾ ಅಂದರು. ಅವರ ಮೊಮ್ಮಗನ ಮೊಬೈಲಿಗೆ ಫೈಲ್ ಕಳಿಸಿದೆ. ಈಗ ಆ ಹುಡುಗ ಆಗಾಗ ಫೋನ್ ಮಾಡುತ್ತಾನೆ, ಯಮನ್ ರಾಗದ ತೀವ್ರ ಮಧ್ಯಮ ಎಲ್ಲಿ ಇಡಬೇಕು ಅಂತ ಅಜ್ಜ ಕೇಳುತ್ತಿದ್ದಾರಂತೆ. ಅದನ್ನು ನಾನು ವೈನಿಗೇ ಬಿಡುತ್ತೇನೆ.

ಸದ್ಯ ಮೂರನೇ ಹಾಡು ನಡೆದಿದೆ, ದೇಶಕಾರದಲ್ಲಿ. ಭೂಪದ ಫೈಲನ್ನೇ ತೆಗೆದು ಧೈವತ ಕೊಂಚ ಮೇಲೆ ಸರಿಸಿದೆವು, ಶೇಕಡಾಗಳನ್ನು ತಿರುಗಿಸಿ ಬರೆದೆವು. ರಾತ್ರಿ ದೇಶಕಾರ ಹಾಡಲು ವೈನಿ ಒಪ್ಪುವುದಿಲ್ಲ. ಹಾಗಾಗಿ ಈ ಹಾಡಿನ ಕೆಲಸ ಭಾನುವಾರ ಬೆಳಿಗ್ಗೆ ಮಾತ್ರ, ಅಣ್ಣ ಮಗನನ್ನು ಕರೆದುಕೊಂಡು ಕೆಲಗೇರಿ ಕೆರೆಯ ಕಡೆ ಹೋದಾಗ.